ನಾನು ಮಂಚ ಹಿಡಿದಾಗಲೇ ಅರಳಿದ ಹಳದಿ ಹೂವಿನ ಗಿಡದವರಿಗೆ

ಮಾನ್ಯರೇ,

ಬೇರಿನಿಂದ ತುದಿಯವರೆಗೆ ತಾವು ಸೌಖ್ಯವಾಗಿರುವುದು ಕಿಟಕಿಯಿಂದಲೇ ಕಾಣುತ್ತಿರುವುದರಿಂದ ಕುಶಲ ಕೇಳುವ ಕೆಲಸ ನನಗೆ ತಪ್ಪಿದೆ. ಎತ್ತರದಲ್ಲಿ ತಾವು ನನ್ನನ್ನು ಎಂದೋ ಮೀರಿದ್ದೀರಿ; ಈಗ ಮರ್ಯಾದೆಯಲ್ಲೂ ಮೀರಿದ್ದೀರಿ, ಏಕೆಂದರೆ ಈ ಮನೆಯವರೆಲ್ಲ ಎದ್ದ ಕೂಡಲೇ ನೋಡುವುದು ತಮ್ಮ ಮುಖವನ್ನು.

ತಮ್ಮನ್ನು ನನ್ನ ಕೈಗಿಟ್ಟ ನರ್ಸರಿಯ ಅಕ್ಕ, "ಇದು ಈ ಕಲ್ಲುನೆಲದಲ್ಲೇ ಹುಟ್ಟಿ ಬೆಳೆದ ಜಾತಿ ಕಣಪ್ಪ, ಬಿಸಿಲಿಗೆ ಜಗ್ಗಲ್ಲ, ನೀರು ಬೇಡಲ್ಲ, ಒಣಗಿದ್ರೂ ಬುಡದಿಂದ ಚಿಗುರುತ್ತೆ, ನೀನು ಸುಮ್ನಿದ್ರೆ ಸಾಕು" ಎಂದಿದ್ದರು. ಹತ್ತನೇ ಕ್ಲಾಸಿಗೆ ಓದು ಮುಗಿಸಿ, ಟೈರ್ ಅಂಗಡಿ, ಪ್ರಿಂಟಿಂಗ್ ಪ್ರೆಸ್, ಔಷಧಿ ಅಂಗಡಿ ಎಲ್ಲವನ್ನೂ ಸುಮ್ಮನೆ ಕೂರಲಾಗದೆಯೇ ಬಿಟ್ಟು ಬಂದ ನನಗೆ ಇದಕ್ಕಿಂತ ಕಷ್ಟದ ಕೆಲಸವನ್ನು ಯಾರೂ ಕೊಟ್ಟಿರಲಿಲ್ಲ. ವಾಚ್ ರಿಪೇರಿ ಮಾಡುವ ಅಪ್ಪ ಮಸೂರದಿಂದ ಕಣ್ಣೆತ್ತದೆ ತೀರ್ಪು ಕೊಟ್ಟರು: "ಇದೊಂದನ್ನ ಹೂ ಬಿಡಿಸಿ ತೋರಿಸು, ಹಿತ್ತಲಿನ ಶೆಡ್ಡು ನಿಂದು, ಅಲ್ಲೇ ನರ್ಸರಿ ಹಾಕ್ಕೋ. ಇಲ್ಲಾಂದ್ರೆ ಮಾವನ ಗೋದಾಮಿಗೆ ನಡಿ."

ಅಂದಿನಿಂದ ನಾನು ಮಾಡಿದ ಸೇವೆಯನ್ನು ತಾವು ಮರೆತಿರಲಾರಿರಿ: ಬೆಳಿಗ್ಗೆ ಬಕೆಟ್, ಸಂಜೆ ಬಕೆಟ್, ನಡುವೆ ಗೊಬ್ಬರ, ಬೇರು ಇಳಿದಿದೆಯೋ ಇಲ್ಲವೋ ಎಂದು ಆಗಾಗ ಬುಡ ಕೆದಕಿ ವಿಚಾರಣೆ. ಇಷ್ಟೆಲ್ಲ ಉಂಡು ತಾವು ಮೆತ್ತಗೆ ಉದ್ದವಾಗಿ, ಪಕ್ಕದ ಮನೆ ಆಂಟಿ ಕಾಂಪೌಂಡಿನ ಮೇಲೆ ಒಣಹಾಕಿದ್ದ ಬೆಡ್‌ಶೀಟಿನ ಮೇಲೆ ಪವಡಿಸಿದಿರಿ. ಪರದೆಯ ಸರಳು, ಮುರಿದ ಕೊಡೆ, ನನ್ನ ಬೆಲ್ಟು ಎಲ್ಲವನ್ನೂ ಕಟ್ಟಿ ತಮ್ಮನ್ನು ಎಬ್ಬಿಸುತ್ತಿದ್ದಾಗ ತಂಗಿ, "ಅಣ್ಣಾ, ಇನ್ನು ಡ್ರಿಪ್ ಒಂದು ಹಾಕಿಸ್ಬಿಡು" ಎಂದಳು.

ಆಮೇಲೆ ಮೆಟ್ಟಿಲಿಳಿಯುವ ಅವಸರದಲ್ಲಿ ನಾನು ಕಾಲು ಮುರಿದುಕೊಂಡು ಬೇಸಿಗೆಯಿಡೀ ಮಂಚ ಹಿಡಿದೆ. ಒಂದು ಹನಿ ನೀರು ಕೊಡುವವರಿಲ್ಲದ ಆ ಸುಡುಬಿಸಿಲಿನಲ್ಲಿ ತಾವು ಬುಡದಿಂದ ಹೊಸ ಗಟ್ಟಿ ಕಾಂಡ ಎಬ್ಬಿಸಿ, ಯಾವ ಕೊಡೆಯ ಹಂಗೂ ಇಲ್ಲದೆ ನೆಟ್ಟಗೆ ನಿಂತು, ತಲೆತುಂಬ ಹೂ ಬಿಟ್ಟಿರಿ. ಹಾರ್ದಿಕ ಅಭಿನಂದನೆಗಳು. ಆದರೆ ಅಪ್ಪ, "ಹೂ ಬಿಟ್ಟಿದ್ದು ಗಿಡ, ಬಿದ್ಕೊಂಡಿದ್ದು ನೀನು, ಶೆಡ್ಡು ಯಾಕೆ ಕೊಡ್ಲಿ?" ಎಂದಾಗ ತಾವು ಗಾಳಿಯ ನೆಪದಲ್ಲಿ ಹೌದೌದೆಂದು ತಲೆಯಾಡಿಸಿದ್ದನ್ನು ನಾನು ಕಣ್ಣಾರೆ ಕಂಡೆ.

ಭಾನುವಾರ ಮಾವ ನನ್ನನ್ನು ಕರೆದೊಯ್ಯಲು ಬರುತ್ತಾರೆ. ಅಷ್ಟರೊಳಗೆ ತಾವು ದಯಮಾಡಿ ಒಳಗೆ ಬಂದು, ಕಾಲಿನ ಮಣ್ಣು ಒರೆಸಿಕೊಂಡು, ಈ ಹುಡುಗ ಮಲಗಿದ್ದೇ ನನಗೆ ಮಾಡಿದ ದೊಡ್ಡ ಉಪಕಾರವೆಂದು ಅಪ್ಪನ ಮುಂದೆ ಹೇಳಿಕೆ ಕೊಡಬೇಕು. ಬರಲಾಗದಿದ್ದರೆ ಹೂಗಳನ್ನೆಲ್ಲ ಮತ್ತೆ ಮೊಗ್ಗಾಗಿಸಿಕೊಂಡು, ನಾನು ಕುಂಟುತ್ತ ಬಂದು ಪಕ್ಕದಲ್ಲಿ ನಿಂತ ಮೇಲೆ, ಅಪ್ಪ ನೋಡುತ್ತಿರುವಾಗ ಇನ್ನೊಮ್ಮೆ ಅರಳಬೇಕಾಗಿ ವಿನಂತಿ.

ತಮ್ಮ ಬುಡವನ್ನು ಇನ್ನೆಂದೂ ಕೆದಕದ ವಿಶ್ವಾಸಿ,
ಕಿಟಕಿಯ ಹುಡುಗ

ಮರೆತ ಮಾತು: ಇಂದು ಬೆಳಿಗ್ಗೆ ಅಪ್ಪ ಅತ್ತಿತ್ತ ನೋಡಿ, ತಮ್ಮ ಬುಡಕ್ಕೆ ಒಂದು ಬಕೆಟ್ ಸುರಿದು, ವಾಚಿನ ಸ್ಕ್ರೂಡ್ರೈವರಿನಿಂದ ಮಣ್ಣು ಕೆದಕಿ, ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಬೇರು ನೋಡುತ್ತಿದ್ದರು. ಸಂಜೆಯೂ ಬಂದರು. ಹೀಗೇ ನಡೆದರೆ ತಾವು ಮತ್ತೆ ಬೀಳುವುದು ಖಂಡಿತ. ಬೀಳುವಾಗ ಈ ಸಲ ಬೆಡ್‌ಶೀಟನ್ನು ಬಿಟ್ಟು ಅಪ್ಪನ ಮೇಲೆಯೇ ಬೀಳಿ. ಶೆಡ್ಡಿನ ಮಾತನ್ನು ಆಗ ನಾನೇ ಎತ್ತುತ್ತೇನೆ.