ಹಿರಿಯವಳ ಬಿಲ್ಲೆ

ದುಗ್ಗಪ್ಪ ಎರಡನೇ ಮದುವೆಯಾದ ಮೂರನೇ ದಿನ ಬೆಳಗಾಗುವಷ್ಟರಲ್ಲಿ ಹೊಸ ಹೆಂಡತಿ ವನಜಳ ಕೊರಳಲ್ಲಿದ್ದ ಬಿಲ್ಲೆ ಮಸಿಯಂತೆ ಕಪ್ಪಾಗಿತ್ತು. ಬೇರೆ ಯಾವ ಒಡವೆ ಕಪ್ಪಾಗಿದ್ದರೂ ಗುಲ್ವಾಡಿಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಇದು ತೀರಿಹೋದ ಮೊದಲ ಹೆಂಡತಿ ನಾಗುವಿನ ಹೆಸರಿನ ಬಿಲ್ಲೆ. ಹಿರಿಯವಳು ಮುನಿಯದಿರಲಿ ಎಂದು ಕಿರಿಯವಳು ಕಟ್ಟಿಕೊಳ್ಳುವಂಥದು. ಅದು ಗಟ್ಟಿ ಬೆಳ್ಳಿಯದೇ ಆಗಬೇಕೆಂದು ವನಜಳ ತಾಯಿ ಅಮ್ಮಣಿ ಮದುವೆಗೆ ಮೊದಲೇ ಪಟ್ಟು ಹಿಡಿದಿದ್ದಳು.

ಪಟ್ಟು ಹಿಡಿಯುವುದು ಸುಲಭ. ಯುದ್ಧ ಶುರುವಾದ ಮೇಲೆ ಪೇಟೆಯಲ್ಲಿ ಬೆಳ್ಳಿಯ ಮುಖ ಕಂಡವರಿಲ್ಲ. ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಯುವ ದುಗ್ಗಪ್ಪನ ಮನೆಯಲ್ಲಿ ಬೆಳ್ಳಿ ಎಂದು ಇದ್ದದ್ದು ನಾಗುವಿನ ಪುಟ್ಟ ಕುಂಕುಮದ ಭರಣಿ ಒಂದೇ. ಅದನ್ನು ಕರಗಿಸಿದರೆ ಬಿಲ್ಲೆಯಾದೀತು, ಇಲ್ಲವೇ ವನಜಳಿಗೆ ಕಾಲುಂಗುರವಾದೀತು, ಎರಡೂ ಆಗದು. ಸತ್ತವಳೇನು ಒರೆಗೆ ಹಚ್ಚಿ ನೋಡುತ್ತಾಳೆಯೇ ಎಂದುಕೊಂಡು ಅವನು ಕುಂದಾಪುರದ ಶೀನ ಆಚಾರಿಯ ಕಿವಿಯಲ್ಲಿ, "ಉಂಗ್ರ ಗಟ್ಟಿ ಬೆಳ್ಳಿದ್ ಮಾಡಿ. ಬಿಲ್ಲೆ ತಾಮ್ರದ್ ಮಾಡಿ ಬೆಳ್ಳಿ ನೀರ್ ಹಾಕಿರೆ ಸಾಕ್" ಎಂದು ಹೇಳಿ ಬಂದಿದ್ದ. ಆಚಾರಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಹೀಗಾಗಿ ಮನೆಯವರೆಲ್ಲ ನಡುಗುವಾಗ ದುಗ್ಗಪ್ಪ ಒಬ್ಬನೇ ನಡುಗಲಿಲ್ಲ. ಮೇಲೆ ಲೇಪಿಸಿದ ಬೆಳ್ಳಿ ನೀರು ಬಿಟ್ಟಿದೆ, ಒಳಗಿನ ತಾಮ್ರ ಹಲ್ಲು ಕಿರಿದಿದೆ ಎಂದು ಅವನಿಗೆ ಗೊತ್ತು. ಬಾಯಿಬಿಟ್ಟು ಹೇಳುವ ಹಾಗಿಲ್ಲ, ಅಷ್ಟೇ.

ಪಕ್ಕದ ಮನೆಯ ಗುಲಾಬಿ ಕರೆಯದೆಯೇ ಬಂದಳು. "ಹ್ವಾಯ್ ಅಮ್ಮಣಕ್ಕ, ನಾಗುಗೆ ಸಿಟ್ಟ್ ಬಂದಿತ್. ಅವ್ಳಿಗೊಂದ್ ಎಡೆ ಬಡ್ಸ್ಕ್. ಗಂಡನೇ ಬೇಯ್ಸಿ ಬಡ್ಸ್ಕ್."

ದುಗ್ಗಪ್ಪ ಒಲೆ ಊದಿ, ಕಣ್ಣು ಕೆಂಪು ಮಾಡಿಕೊಂಡು, ಅನ್ನ ಮತ್ತು ಬಂಗುಡೆ ಸಾರು ಮಾಡಿ ಅಂಗಳದಲ್ಲಿ ಎಲೆ ಇಟ್ಟ. ತೆಂಗಿನ ಮರದ ತುಂಬ ಕಾಗೆ. ಒಂದೂ ಎಲೆಯ ಹತ್ತಿರ ಬರಲಿಲ್ಲ.

"ಕಂಡ್ರ್ಯಾ?" ಅಂದಳು ಗುಲಾಬಿ.

"ಬದ್ಕಿದ್ದಾಗ್ಳೂ ಅವ್ಳ್ ನನ್ ಅಡ್ಗಿ ಮುಟ್ತಿರ್ಲಿಲ್ಲ" ಎಂದ ದುಗ್ಗಪ್ಪ. ಯಾರೂ ನಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹೆದರಿಕೆಗೇ ವನಜಳ ಮೈ ಕಾದಿತ್ತು. ಅಮ್ಮಣಿ ಮಗಳ ಸೀರೆಗಳನ್ನು ಗಂಟು ಕಟ್ಟತೊಡಗಿದಳು. "ಏಳ್ ಮಗಾ, ಹೋಪ. ಇಲ್ಲಿದ್ರೆ ನೀನ್ ಉಳೂದಿಲ್ಲ."

ವನಜ ಗಂಡನ ಮುಖ ನೋಡಿದಳು. ಹೋಗಲು ಅವಳಿಗೂ ಮನಸ್ಸಿರಲಿಲ್ಲ. ಎರಡು ವರ್ಷ ಒಬ್ಬನೇ ಕೂತು ಉಂಡ ತಣ್ಣನೆ ಗಂಜಿ ನೆನಪಾಗಿ ದುಗ್ಗಪ್ಪನಿಗೆ ತಡೆಯಲಾಗಲಿಲ್ಲ.

"ಅತ್ತೆ, ಅದ್ ನಾಗು ಸಿಟ್ಟಲ್ಲ. ಅದ್ ಬೆಳ್ಳಿಯೇ ಅಲ್ಲ. ಒಂದಕ್ಕೇ ಸಾಕಾಪಷ್ಟ್ ಬೆಳ್ಳಿ ಇದ್ದದ್. ಅದ್ರಲ್ಲ್ ವನಜನ್ ಉಂಗ್ರ ಮಾಡ್ಸ್ದೆ. ಬಿಲ್ಲೆಗೆ ಬರೀ ನೀರ್ ಹಾಕ್ಸದ್."

ನಾಚಿಕೆಯಿಂದ ಅವನ ತಲೆ ತಗ್ಗಿತು. ವನಜ ಮಾತ್ರ ತನ್ನ ಕಾಲ್ಬೆರಳು ನೋಡಿಕೊಂಡು, ಮದುವೆಯಾದ ಮೇಲೆ ಮೊದಲ ಸಲ, ತುಟಿಯಂಚಿನಲ್ಲಿ ನಕ್ಕಳು. ಆ ನಗು ಕಂಡು ಅವನಿಗೆ ಹೋದ ಜೀವ ಬಂದಂತಾಯಿತು.

ಅಮ್ಮಣಿ ನಂಬಲಿಲ್ಲ. "ಹೆಣ್ಣ್ ಉಳ್ಸ್ಕಂಬುಕೆ ಹೀಂಗ್ ಹೇಳ್ತ್ರಿ. ಆಚಾರಿ ಬಾಯಲ್ಲೇ ಬರ್ಲಿ."

ದೋಣಿ ಹತ್ತಿ ಕುಂದಾಪುರಕ್ಕೆ ಹೋದರು. ಗುಲಾಬಿಯೂ ಹತ್ತಿದಳು.

ಶೀನ ಆಚಾರಿ ಬಿಲ್ಲೆಯ ಅಂಚಿಗೆ ಅರ ಹಾಕಿ ಉಜ್ಜಿದ. ಒಳಗೆ ಬಿಳಿ. ಎರಡು ತುಂಡು ಮಾಡಿದ. ನಡುವೆಯೂ ಬಿಳಿ.

"ಗಟ್ಟಿ ಬೆಳ್ಳಿ ಅಮ್ಮ. ಬೆಳ್ಳಿ ಅಂದ್ಮೇಲೆ ಕಪ್ಪಾಪ್ದೇ. ಅಂಟುವಾಳದ ನೀರಲ್ಲಿ ತಿಕ್ಕಿರೆ ಹೋತಿತ್. ಇಷ್ಟಕ್ಕೇ ಇಲ್ಲಿತನ್ಕ ಬಂದ್ರ್ಯಾ?"

ಅಮ್ಮಣಿ ನೆಮ್ಮದಿಯ ಉಸಿರು ಬಿಟ್ಟಳು. ದುಗ್ಗಪ್ಪ ತುಂಡೆರಡನ್ನೂ ಕೈಗೆತ್ತಿ ತಿರುಗಿಸಿ ನೋಡಿದ. "ನಾನ್ ಹೇಳದ್ ಹಾಂಗಲ್ದಲ, ಆಚಾರ್ರೆ?"

"ನೀ ಹೇಳದ್ ನೆನ್ಪಿತ್ ದುಗ್ಗಪ್ಪ. ಸತ್ತವ್ರಿಗೆ ಮೋಸ ಮಾಡೂಕೆ ನಂಗ್ ಧೈರ್ಯ ಬರ್ಲಿಲ್ಲ. ಇದ್ದ ಬೆಳ್ಳಿ ಬಿಲ್ಲೆಗೇ ಹಾಕ್ದೆ."

ವನಜ ಮೆಲ್ಲಗೆ ಮೆಟ್ಟಿಲ ಮೇಲೆ ಕೂತಳು. ಮೂರು ದಿನದ ಹಿಂದೆ ತೊಟ್ಟ ಕಾಲುಂಗುರಗಳನ್ನು ತಾನೇ ಕಳಚಿ ಆಚಾರಿಯ ಮುಂದಿಟ್ಟಳು.

"ಇದಕ್ಕೂ ಅರ ಹಾಕಿ ಕಾಣಿ."

ಆಚಾರಿ ಅರ ಮುಟ್ಟಲಿಲ್ಲ. ಅಮ್ಮಣಿ ಮಗಳ ಕೈ ಹಿಡಿದು ಎಬ್ಬಿಸಿದಳು.

ಸಂಜೆಯ ದೋಣಿಯಲ್ಲಿ ಗುಲ್ವಾಡಿಗೆ ಮರಳಿದವರು ದುಗ್ಗಪ್ಪ, ಗುಲಾಬಿ ಇಬ್ಬರೇ. ನಾಗು ಎಷ್ಟು ಒಳ್ಳೆಯ ಹೆಂಗಸಾಗಿದ್ದಳು ಎಂದು ಗುಲಾಬಿ ದಡ ಮುಟ್ಟುವವರೆಗೂ ಹೇಳುತ್ತಲೇ ಇದ್ದಳು.