ಪಾಯಸದ ಕಥೆ ಬರೆದವರ ಮನೆಯ ಪಾಯಸ

ಬ್ಲೌಸ್ ಹೊಲಿಯುವವಳ ಬದುಕಿನಲ್ಲಿ ತಮಾಷೆಗೆ ಬರವಿಲ್ಲ. ಲಷ್ಕರ್ ಮೊಹಲ್ಲಾದ ನನ್ನ ಅಂಗಡಿಗೆ ಅದು ಕರೆಯದೆಯೇ ಬರುತ್ತದೆ. ಈ ಸಲವಂತೂ ಪುಸ್ತಕದ ರೂಪದಲ್ಲಿ ಬಂತು.

೧. ಅಡುಗೆ ಪುಸ್ತಕ

ಫುಟ್‌ಪಾತಿನ ಹಳೇ ಪುಸ್ತಕಗಳ ರಾಶಿಯಲ್ಲಿ ಒಂದು ಪುಸ್ತಕ ಸಿಕ್ಕಿತು. ಮುಖಪುಟದ ಮೇಲೆ ದ್ರಾಕ್ಷಿ, ಗೋಡಂಬಿ ತೇಲುವ ಪಾಯಸದ ಲೋಟ. ಅಡುಗೆ ಪುಸ್ತಕವೆಂದು ಮನೆಗೆ ತಂದೆ. ಬಿಚ್ಚಿದರೆ ಕಥೆಗಳು, ಕಥೆಗೊಂದು ಹೆಣ! ಮೊದಲನೆಯದರಲ್ಲೇ ಸೊಸೆಯೊಬ್ಬಳು "ನಂಗೆ ಇವತ್ತು ಉಪವಾಸ, ನೀವು ತಗೊಳ್ಳಿ" ಎಂದು ನಗುನಗುತ್ತಾ ಪಾಯಸ ಬಡಿಸಿ ಮನೆಮಂದಿಯನ್ನೆಲ್ಲ ಮುಗಿಸುತ್ತಾಳೆ. ಆದರೂ ಪುಸ್ತಕ ಕೆಳಗಿಡಲಾಗಲಿಲ್ಲ. ಇಂಥ ಲೇಖಕಿ ಇಷ್ಟು ದಿನ ನನಗೆ ಗೊತ್ತೇ ಇರಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ಅಷ್ಟರಲ್ಲಿ ಒಲೆಯ ಮೇಲೆ ಅನ್ನ ಸೀದು ಹೋಗಿತ್ತು. ಅಡುಗೆ ಪುಸ್ತಕ ತಂದ ದಿನವೇ ನಮ್ಮ ಮನೆಯಲ್ಲಿ ಅಡುಗೆ ಕೆಟ್ಟದ್ದು.

೨. ಯಜಮಾನರ ಪರೀಕ್ಷೆ

ಆ ಕಥೆಯನ್ನು ನಮ್ಮ ಯಜಮಾನರಿಗೂ ಓದಿ ಹೇಳಿದೆ. ಸೋಮವಾರ ನನಗೆ ಉಪವಾಸ. ಅವರೊಬ್ಬರಿಗೆಂದು ಶಾವಿಗೆ ಪಾಯಸ ಮಾಡಿಕೊಟ್ಟೆ. ಲೋಟ ಹಿಡಿದು ಸೀದಾ ಪಕ್ಕದ ಮನೆಯ ಮೇಷ್ಟ್ರ ಹತ್ತಿರ ಹೋದರು. ಅವರಿಗೆ ಕುಡಿಸಿ, ಅರ್ಧ ಗಂಟೆ ಎದುರಿಗೇ ಕೂತು, ನಗುತ್ತಾ ವಾಪಸ್ ಬಂದರು.

"ಮೇಷ್ಟ್ರು ಚೆನ್ನಾಗವ್ರೆ ಕಣೇ. ಈಗ ನಂಗೆ ಆಕು."

ಇದ್ದದ್ದೇ ಒಂದು ಲೋಟ.

೩. ಹಲ್ಲಿ

ಒಂದು ದಿನ ಯಾದವಗಿರಿಯಿಂದ ಹಿರಿಯ ಹೆಂಗಸೊಬ್ಬರು ಬ್ಲೌಸ್ ಹೊಲಿಸಲು ಬಂದರು. ಹೆಸರು ಕೇಳಿ ನನ್ನ ಕೈಯ ಟೇಪು ಜಾರಿತು. ಆ ಲೇಖಕಿ ಇವರೇ! ಪುಸ್ತಕದ ಮೇಲೆ ಸಹಿ ಕೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿತು. ಅಷ್ಟು ಜನರನ್ನು ಕೊಂದ ಮಹಾತಾಯಿ ಸ್ಟೂಲ್ ಹತ್ತಿ ನಿಂತುಬಿಟ್ಟರು.

"ಓಡ್ಸಿ ಕಣಮ್ಮ! ಹೊಡೀಬೇಡಿ, ಪಾಪ!"

ಉಳಿದ ಅಳತೆಯನ್ನು ಅವರು ಮೇಲೆ ನಿಂತಿದ್ದಂತೆಯೇ ತೆಗೆದುಕೊಂಡೆ. ಸಹಿಯ ಮಾತು ಅವತ್ತಿಗೆ ಅಲ್ಲೇ ನಿಂತಿತು.

೪. ಸಂಕಷ್ಟಿ

ಸಹಿಯ ಆಸೆಗೆ ಬ್ಲೌಸನ್ನು ನಾನೇ ಅವರ ಮನೆಗೆ ಒಯ್ದೆ, ಪುಸ್ತಕವನ್ನೂ ಒಯ್ದೆ. ಅವರಿಗೆ ಎಷ್ಟು ಖುಷಿಯಾಯಿತೆಂದರೆ, ನನಗೂ ತಮ್ಮ ಯಜಮಾನರಿಗೂ ಒಂದೊಂದು ಲೋಟ ಪಾಯಸ ತಂದುಕೊಟ್ಟರು.

"ನೀವು ತಗೊಳ್ಳಿ ಕಣಮ್ಮ. ನಂಗೆ ಇವತ್ತು ಸಂಕಷ್ಟಿ, ಉಪವಾಸ" ಎಂದು ನಗುತ್ತಾ ಪೆನ್ನು ತರಲು ಒಳಗೆ ಹೋದರು.

ಕಥೆಯ ಸೊಸೆ ಹೇಳಿದ್ದೂ ಇದನ್ನೇ ಅಲ್ಲವೇ! ಕುಡಿಯದಿದ್ದರೆ ಅವರಿಗೆ ಬೇಜಾರು, ನನಗೆ ಸಹಿಯೂ ಇಲ್ಲ. ಕುಡಿದರೆ? ದ್ರಾಕ್ಷಿ, ಗೋಡಂಬಿ ಮುಖಪುಟದಲ್ಲಿದ್ದ ಹಾಗೆಯೇ ತೇಲುತ್ತಿದ್ದವು. ಧೈರ್ಯಕ್ಕೆಂದು ಎದುರಿಗೆ ಕೂತಿದ್ದ ಅವರ ಯಜಮಾನರ ಕಡೆ ನೋಡಿದೆ. ಅವರ ಲೋಟವೂ ತುಂಬಿಯೇ ಇತ್ತು. ಅವರು ಬಾಗಿಲ ಕಡೆ ಒಮ್ಮೆ ನೋಡಿ, ನನ್ನತ್ತ ಬಾಗಿ ಮೆಲ್ಲಗೆ ಹೇಳಿದರು:

"ಶುರು ಮಾಡಿ ಕಣಮ್ಮ. ಆ ಕಥೆ ನಾನೂ ಓದಿದ್ದೀನಿ. ಅವತ್ತಿಂದ ನಮ್ಮನೇಲಿ ಅತಿಥಿಗಳೇ ಮೊದಲು."