ಕರಿಕೆಯ ಮಳೆಪೆಟ್ಟಿಗೆಯೊಳಗಿನ ಕಿರಿಯ ಪ್ರಿಂಟ್‌ಎಫ್ ಅವರಿಗೆ, ಒಂದು ಸೊನ್ನೆಯ ವಿಷಯವಾಗಿ

ಕರಿಕೆ, 11 ಮೇ 2015

ಮಾನ್ಯರೇ,

ತಾವು ವಾಸವಾಗಿರುವ ಕಿರುಬೆರಳಿನ ಉಗುರಿನಷ್ಟು ಅಗಲದ ಚಿಪ್‌ಗೂ, ಆ ಚಿಪ್ಪನ್ನು ಹೊತ್ತಿರುವ ಮಳೆ ಅಳೆಯುವ ಬಿಳಿ ಪೆಟ್ಟಿಗೆಗೂ, ಆ ಪೆಟ್ಟಿಗೆಯನ್ನು ಹೊತ್ತಿರುವ ನಮ್ಮೂರ ಬೆಳೆಗಾರರ ಕೂಟದ ತಾರಸಿಗೂ ನನ್ನ ಅನಂತ ನಮಸ್ಕಾರಗಳು. ತಮಗೆ ಬರೆಯಲು ಮಾತ್ರ ಬರುತ್ತದೆ, ಓದಲು ಬರುವುದಿಲ್ಲ ಎಂದು ತಿಳಿದವರು ಹೇಳಿದ್ದಾರೆ. ನಲವತ್ತು ವರ್ಷಗಳಿಂದ ನಾನಾ ಕಚೇರಿಗಳಿಗೆ ಅರ್ಜಿ ಬರೆದುಕೊಂಡು ಬಂದಿರುವ ನನಗೆ ಇದು ಹೊಸ ಅನುಭವವಲ್ಲವಾದ್ದರಿಂದ, ಧೈರ್ಯವಾಗಿ ಈ ಪತ್ರವನ್ನು ತಮ್ಮ ಹೆಸರಿಗೆ ಬರೆದು, ಓದಲು ಬರುವವರಿಗಾಗಿ ಪತ್ರಿಕೆಗೂ ಕಳುಹಿಸುತ್ತಿದ್ದೇನೆ.

ಪತ್ರಿಕೆಯ ಓದುಗರಿಗೆ ತಮ್ಮ ಪರಿಚಯ ಮಾಡಿಕೊಡುವುದು ನನ್ನ ಕರ್ತವ್ಯ. ಯಂತ್ರಗಳಿಗೆ ಅಪ್ಪಣೆ ಕೊಡಲು ಸಿ ಎಂಬ ಒಂದೇ ಅಕ್ಷರದ ಹೆಸರಿನ ಭಾಷೆಯೊಂದಿದೆಯಂತೆ. ನಲವತ್ತೊಂಬತ್ತು ಅಕ್ಷರಗಳನ್ನು ಮರಳಿನ ಮೇಲೆ ತಿದ್ದಿ ಕಲಿತ ನನಗೆ ಹೆಸರಿನಲ್ಲೇ ಅಷ್ಟು ಮಿತವ್ಯಯ ಮಾಡುವ ಭಾಷೆಯ ಬಗ್ಗೆ ಗೌರವವೇ ಹುಟ್ಟಿತು. ಯಂತ್ರದ ಹೊಟ್ಟೆಯಲ್ಲಿರುವ ಲೆಕ್ಕವನ್ನು ಮನುಷ್ಯರು ಓದುವ ಹಾಗೆ ಒಪ್ಪವಾಗಿ ಜೋಡಿಸಿ ಬರೆದುಕೊಡುವ ಗುಮಾಸ್ತರಿಗೆ ಆ ಭಾಷೆಯಲ್ಲಿ ಪ್ರಿಂಟ್‌ಎಫ್ ಎಂದು ಹೆಸರು. ತಮ್ಮ ಅಣ್ಣನವರಾದ ಹಿರಿಯ ಪ್ರಿಂಟ್‌ಎಫ್ ಅವರು ದೊಡ್ಡ ಕಂಪ್ಯೂಟರುಗಳಲ್ಲಿ ಇರುತ್ತಾರೆ. ಅವರಿಗೆ ದಶಾಂಶ ಗೊತ್ತು, ಸಾಲು ಹಿಡಿದು ಬರೆಯುವುದು ಗೊತ್ತು, ಅಂಕೆ ಗಿಡ್ಡವಾದರೆ ಅದಕ್ಕೆ ಮೊದಲು ಸೊನ್ನೆ ತುಂಬುವುದೂ ಗೊತ್ತು. ಆದರೆ ಇಷ್ಟೆಲ್ಲ ಗೊತ್ತಿರುವವರಿಗೆ ಜಾಗ ಹೆಚ್ಚು ಬೇಕಾಗುತ್ತದೆ. ತಮ್ಮ ಚಿಪ್ಪಿನಲ್ಲಿರುವುದು ಎಂಟು ಸಾವಿರ ಅಕ್ಷರಗಳ ಜಾಗ ಮಾತ್ರ. ಈ ಪತ್ರವೂ ಅದರಲ್ಲಿ ಹಿಡಿಯಲಾರದು. ಆದ್ದರಿಂದ ಬಿಡಬಹುದಾದದ್ದನ್ನೆಲ್ಲ ಬಿಟ್ಟು, ಮಡಚಬಹುದಾದದ್ದನ್ನೆಲ್ಲ ಮಡಚಿ, ತಮ್ಮನ್ನು ತಯಾರಿಸಿದ್ದಾರೆ.

ತಮಗೆ ದಶಾಂಶ ಬರುವುದಿಲ್ಲ, ಪೂರ್ಣಾಂಕ ಮಾತ್ರ ಬರುತ್ತದೆ. ಇದನ್ನು ನಾನು ದೋಷವೆಂದು ಎಣಿಸುವುದಿಲ್ಲ. ಮೊದಲು ಇಂಚು ಎಷ್ಟೆಂದು ಬರೆದು, ಒಂದು ಚುಕ್ಕೆ ಇಟ್ಟು, ಆಮೇಲೆ ಸೆಂಟು ಎಷ್ಟೆಂದು ಬರೆದು ತಾವು ಕೆಲಸ ಸಾಗಿಸುತ್ತೀರಿ. ಕೊಡಗಿನಲ್ಲಿ ಮಳೆಯನ್ನು ಇಂಚು ಸೆಂಟುಗಳಲ್ಲೇ ಹೇಳುವುದು. ನೂರು ಸೆಂಟಿಗೆ ಒಂದು ಇಂಚು. ಮಿಲಿಮೀಟರು ನಮ್ಮ ಜಿಲ್ಲೆಗೆ ಬಂದು ಅರ್ಧ ಶತಮಾನವಾದರೂ ನಾವದನ್ನು ಇನ್ನೂ ಜಗಲಿಯಿಂದ ಒಳಗೆ ಕರೆದಿಲ್ಲ. ಆದ್ದರಿಂದ ಕಳೆದ ಡಿಸೆಂಬರಿನಲ್ಲಿ ತಮ್ಮ ಪೆಟ್ಟಿಗೆ ತಾರಸಿ ಏರಿದಾಗ, ಇಂಚು ಸೆಂಟು ಬಲ್ಲ ಯಂತ್ರ ಬಂತೆಂದು ನಾವು ಹಾರ ಹಾಕಿದೆವು. ಹಾಕಿದವನು ನಾನೇ.

ಮಾರ್ಚ್ ಹದಿನಾಲ್ಕರ ಬೆಳಗಿನ ಜಾವ ವರ್ಷದ ಮೊದಲ ಮಳೆ ಬಂತು. ಎಂಟು ಗಂಟೆಗೆ ಸರಿಯಾಗಿ ನಮ್ಮೆಲ್ಲರ ಫೋನುಗಳಿಗೆ ತಮ್ಮ ಸಂದೇಶ ಬಂತು, ರಸ್ತೆಗೆ ಕಾಣುವ ಫಲಕದಲ್ಲೂ ಕೆಂಪಗೆ ಹೊಳೆಯಿತು: ಮಳೆ 0.8. ಎಂಬತ್ತು ಸೆಂಟು! ಕಾಫಿ ಗಿಡ ಹೂವಾಗಲು ಬೇಕಾದ ಹೂಮಳೆ ಒಂದೇ ಏಟಿಗೆ ಮುಗಿಯಿತೆಂದು ಊರೇ ನಕ್ಕಿತು. ನಗದವರು ಒಬ್ಬರೇ: ಕೂಟದ ಕಟ್ಟಡದ ಹಿಂದಿನ ನಮ್ಮ ಮನೆಯಲ್ಲಿ ನನ್ನೊಂದಿಗೆ ಇರುವ ನನ್ನ ಅಕ್ಕ ಗಂಗಮ್ಮ. ಅವರು ಅಂಗಳದ ಹಳೆಯ ಮಳೆಮಾಪಕದ ನೀರನ್ನು ಅಳತೆಯ ಗ್ಲಾಸಿಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು, ಎಂಟು ಸೆಂಟೆಂದು ಪುಸ್ತಕದಲ್ಲಿ ಬರೆದುಕೊಂಡಿದ್ದರು. ಪಕ್ಕದ ತೋಟದ ದೇರಪ್ಪನವರು ಬೇಲಿಯಾಚೆಯಿಂದ, "ಗಂಗಕ್ಕ, ನಿಮ್ಮ ಗ್ಲಾಸಿಗೂ ವಯಸ್ಸಾತ್, ನಿಮ್ಗೂ ಆತ್. ಪೆಟ್ಟಿಗೆ ಎಂಬತ್ತು ಹೇಳ್ತುಟ್ಟು" ಎಂದರೆ, ಅಕ್ಕ ತಲೆಯೆತ್ತದೆ, "ಸೊನ್ನೆ ಎಂಟು ಮಾರಾಯ, ಎಂಟು ಸೊನ್ನೆ ಅಲ್ಲ" ಎಂದರು.

ಎಂಬತ್ತು ಸೆಂಟು ಬಿದ್ದಿದ್ದರೆ ಮಣ್ಣು ಹೇಳಬೇಕಿತ್ತು. ನಾನು ತೋಟಕ್ಕೆ ಹೋಗಿ ಕಾಫಿಯ ಬುಡವನ್ನು ಹೆಬ್ಬೆರಳಿನಿಂದ ಕೆದಕಿದೆ. ಉಗುರಿನಾಳಕ್ಕೆ ಒಣಮಣ್ಣು ಸಿಕ್ಕಿತು. ಅದನ್ನು ನೋಡಿ, ಮಣ್ಣಿಗೇ ಏನೋ ಆಗಿದೆ ಎಂದು ತೀರ್ಮಾನಿಸಿದೆ. ಎರಡು ದಿನದ ನಂತರ ಕೂಟದ ಸ್ಪ್ರಿಂಕ್ಲರ್ ಸೆಟ್ಟು ನನ್ನ ತೋಟಕ್ಕೆ ಬರುವ ಸರದಿ ಇತ್ತು. ಹೂಮಳೆ ಆದ ಮೇಲೆ ನನಗೇಕೆ ಎಂದು ಉದಾರವಾಗಿ ಬಿಟ್ಟುಕೊಟ್ಟೆ. ತಿಂಗಳು ಮುಗಿಯುವುದರೊಳಗೆ ಸೆಟ್ಟಿಗೆ ನೀರು ಕೊಡುವ ತೋಡು ಬತ್ತಿತು, ಗಿಡದಲ್ಲಿ ಮೊಗ್ಗು ನಿಂತಲ್ಲೇ ಕೆಂಪಾಗಿ ಕರಟಿತು.

ಮೊಗ್ಗಿನ ಮಾತು ಹಾಗಿರಲಿ. ಮುಂದಿನ ವರ್ಷವೂ ಮೊಗ್ಗು ಬರುತ್ತದೆ. ನನ್ನ ದೂರು ಪುಸ್ತಕದ ಬಗ್ಗೆ.

ಆ ಪುಸ್ತಕ ಶುರುವಾದದ್ದು 1957ರ ಜೂನ್ ಒಂದರಂದು. ಕೊಡಗು ತನ್ನ ಪ್ರತ್ಯೇಕ ರಾಜ್ಯವನ್ನು ಕಳೆದುಕೊಂಡು ಮೈಸೂರು ರಾಜ್ಯದೊಳಗೆ ಸೇರಿ ಏಳು ತಿಂಗಳಾಗಿತ್ತು. ಹಾಗಾಗಿ ಮಳೆ ತಡವಾದರೂ ನಮ್ಮ ಹಿರಿಯರು ಮೈಸೂರನ್ನೇ ಬೈಯುತ್ತಿದ್ದರು. ಒಬ್ಬ ಅಧಿಕಾರಿ ತಾಮ್ರದ ಮಳೆಮಾಪಕವನ್ನು ಆಳಿನ ತಲೆಯ ಮೇಲೆ ಹೊರಿಸಿಕೊಂಡು ಬಂದು, ನಮ್ಮ ಅಂಗಳದಲ್ಲಿ ನೆಟ್ಟು, ಅಕ್ಷರ ದುಂಡಗಿದೆಯೆಂದು ಹದಿನಾರು ವರ್ಷದ ಅಕ್ಕನಿಗೆ ಅಳೆಯುವ ಕೆಲಸ ಒಪ್ಪಿಸಿ ಹೋದರು. ತಿಂಗಳಿಗೊಂದು ಕಾರ್ಡು ಮೈಸೂರಿನ ಒಂದು ಕಚೇರಿಗೆ ಹೋಗಬೇಕು. ಕಾರ್ಡಿನಲ್ಲಿ ಪ್ರತಿ ದಿನಕ್ಕೆ ಇಂಚಿಗೆ ಎರಡು ಚೌಕ, ಸೆಂಟಿಗೆ ಎರಡು ಚೌಕ. ನವೆಂಬರಿನ ಒಂದು ದಿನ ಆರು ಸೆಂಟು ಮಳೆಯಾಯಿತು. ಅಕ್ಕ ಕೊನೆಯ ಚೌಕದಲ್ಲಿ ಆರು ಬರೆದು, ಅದರ ಹಿಂದಿನ ಚೌಕವನ್ನು ಖಾಲಿ ಬಿಟ್ಟರು. ಕಾರ್ಡು ವಾಪಸು ಬಂತು, ಕೆಂಪು ಶಾಯಿಯಲ್ಲಿ: ಚೌಕ ಖಾಲಿ ಬಿಡತಕ್ಕದ್ದಲ್ಲ, ಸೊನ್ನೆ ಬರೆದು ಪುನಃ ಕಳುಹಿಸುವುದು. ಅಕ್ಕ ಅತ್ತರು. ಅಪ್ಪ ಸಿಡಿದೆದ್ದು, ಕೊಡಗು ಪ್ರತ್ಯೇಕವಾಗಿದ್ದಾಗ ಯಾರೂ ನಮ್ಮನ್ನು ಸೊನ್ನೆ ಕೇಳಿರಲಿಲ್ಲವೆಂದು ನಾಲ್ಕು ಪುಟದ ಪತ್ರ ಬರೆದರು. ಹದಿನೈದು ದಿನಕ್ಕೆ ಆ ಕಚೇರಿಯ ಗುಮಾಸ್ತರಿಂದ ಒಂದು ಸಾಲಿನ ಉತ್ತರ ಬಂತು: "ತಮ್ಮ ಪತ್ರ ತಲುಪಿದೆ. ಸೊನ್ನೆ ತಲುಪಿಲ್ಲ."

ಅಂದಿನಿಂದ ಅಕ್ಕ ಸೊನ್ನೆ ಬಿಟ್ಟವರಲ್ಲ. ಕಾರ್ಡು ಕೇಳುವ ಕಚೇರಿ ಯಾವತ್ತೋ ಮುಚ್ಚಿಹೋಯಿತು, ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು, ಅಕ್ಕ ಬರೆಯುತ್ತಲೇ ಇದ್ದರು. ಒಮ್ಮೆ ಕಾಲು ಮುರಿದಾಗ ನನ್ನ ಹೆಗಲ ಮೇಲೆ ಕೈಯಿಟ್ಟು ಕುಂಟುತ್ತ ಹೋಗಿ ಅಳೆದರು. ಐವತ್ತೇಳು ವರ್ಷಗಳಲ್ಲಿ ಒಂದು ದಿನವೂ ತಪ್ಪಲಿಲ್ಲ. ಊರಿನಲ್ಲಿ ಯಾರ ಮದುವೆಗೆ ದಿನ ನೋಡುವಾಗಲೂ ಆ ವಾರದಲ್ಲಿ ಹಿಂದೆ ಎಷ್ಟು ಮಳೆಯಾಗಿತ್ತೆಂದು ಕೇಳಲು ನಮ್ಮ ಮನೆಗೇ ಬರುತ್ತಿದ್ದರು.

ಅಂಥವರ ಕಣ್ಣಿನ ಮೇಲೆ ತಮ್ಮಿಂದಾಗಿ ಅನುಮಾನ ಬಂತು. ಅನುಮಾನಪಟ್ಟವರಲ್ಲಿ ನಾನು ಮೊದಲನೆಯವನು, ಇದನ್ನು ಮುಚ್ಚಿಡುವುದಿಲ್ಲ. ಮಡಿಕೇರಿಗೆ ಕರೆದುಕೊಂಡು ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಅವರು ಅಕ್ಕನಿಂದ ಕೊನೆಯ ಸಾಲಿನವರೆಗೂ ಓದಿಸಿ, ಮೆಚ್ಚಿ, ಆಮೇಲೆ ನನ್ನನ್ನು ಕೂರಿಸಿ ಪರೀಕ್ಷಿಸಿ ನನಗೆ ಕನ್ನಡಕ ಬರೆದುಕೊಟ್ಟರು. ಇಷ್ಟಾದರೂ ನಾನು ನಂಬಿದ್ದು ತಮ್ಮನ್ನೇ. ಮಾರ್ಚ್ ಇಪ್ಪತ್ತಮೂರರಂದು ತಾವು 0.5 ಎಂದಿರಿ, ಅಕ್ಕನ ಗ್ಲಾಸು ಐದು ಸೆಂಟು ಎಂದಿತು. ಕುಟ್ಟಪ್ಪನ ಚಹಾದಂಗಡಿಯಲ್ಲಿ ನಕ್ಕವರ ಜೊತೆ ಹೊಸ ಕನ್ನಡಕ ಹಾಕಿಕೊಂಡು ನಾನೂ ನಕ್ಕೆ. ನಕ್ಕದ್ದು ಮನೆಯವರೆಗೆ ಕೇಳಿಸಿತು. ಮರುದಿನ ಅಕ್ಕ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟರು. ಹತ್ತೊಂಬತ್ತು ದಿನ ಅಂಗಳಕ್ಕೆ ಇಳಿಯಲಿಲ್ಲ.

ಏಪ್ರಿಲ್ ಹನ್ನೆರಡರ ಮಧ್ಯಾಹ್ನ ಹಾಡಹಗಲೇ ಮಳೆ ಶುರುವಾಯಿತು. ಚಹಾದಂಗಡಿಯ ಮಾಡಿನ ಕೆಳಗೆ ನಿಂತು ನಾವೆಲ್ಲ ತಮ್ಮ ಫಲಕವನ್ನೇ ನೋಡುತ್ತಿದ್ದೆವು. 0.7 ಆಯಿತು, 0.8 ಆಯಿತು, 0.9 ಆಯಿತು, ಇನ್ನೇನು ಒಂದಿಂಚು ತುಂಬಿತೆಂದು ದೇರಪ್ಪನವರು ಎಲ್ಲರಿಗೂ ಚಹಾ ಹೇಳಿದರು. ಆಗ ತಾವು ಗಂಭೀರವಾಗಿ 0.10 ಎಂದು ಬರೆದಿರಿ. ತೊಂಬತ್ತಿದ್ದ ಮಳೆ ಜೋರಾಗಿ ಸುರಿಯುತ್ತಲೇ ಹತ್ತಕ್ಕೆ ಇಳಿಯಿತು. ಕುಟ್ಟಪ್ಪ, "ಮಳೆ ವಾಪಸ್ ಮೇಲೆ ಹೋಗ್ತಾ ಉಂಟು, ಎಲ್ರೂ ಕೊಡೆ ಉಲ್ಟಾ ಹಿಡೀರಿ" ಎಂದ. ಗದ್ದಲ ಕೇಳಿ ಅಕ್ಕ ಕೊಡೆ ಹಿಡಿದು ಬಂದರು. ಫಲಕವನ್ನು ಒಂದು ಗಳಿಗೆ ನೋಡಿದರು. 0.10 ಹೋಗಿ 0.11 ಆಯಿತು. "ಒಂಬತ್ತು ಆತ್, ಹತ್ತು ಆತ್, ಈಗ ಹನ್ನೊಂದು ಸೆಂಟ್. ಮಳೆ ಸರಿ ಉಟ್ಟು. ಅದ್ಕೆ ಒಂಟಿ ಅಂಕೆಗೆ ಮೊದ್ಲು ಸೊನ್ನೆ ಹಾಕಿಕೆ ಗೊತ್ತಿಲ್ಲೆ. ನಂಗೂ ಗೊತ್ತಿರ್ಲೆ, ಮೈಸೂರ್‌ನವ ಕಲ್ಸಿದ" ಎಂದು ಹೇಳಿ, ನನ್ನ ಕಡೆ ನೋಡದೆ ಮನೆಗೆ ಹೋದರು. ದೇರಪ್ಪನವರ ಚಹಾವನ್ನು ಯಾರೂ ಕುಡಿಯಲಿಲ್ಲ.

ಮರುವಾರ ಜಿಲ್ಲೆಯ ಇನ್ನೊಂದು ತುದಿಯ ಶನಿವಾರಸಂತೆಯಿಂದ, ತೂಕದ ಯಂತ್ರಗಳನ್ನು ರಿಪೇರಿ ಮಾಡುವ ಜಯಪ್ಪನವರನ್ನು ಕರೆಸಿದೆವು. ತಮ್ಮ ವಂಶಾವಳಿಯನ್ನೆಲ್ಲ ನನಗೆ ತಿಳಿಸಿದವರು ಅವರೇ. "ದೊಡ್ಡೋನು ಇದ್ರೊಳಗೆ ಹಿಡಿಯಾಕಿಲ್ಲ ಕಣ್ರೀ ಯಜಮಾನ್ರೇ, ಅದ್ಕೇ ಚಿಕ್ಕೋನ್ನ ಮಡಗವ್ರೆ" ಎಂದರು. ಅಣ್ಣನವರಿಗಾದರೆ ಅಪ್ಪಣೆಯಲ್ಲಿ ಎರಡೇ ಅಕ್ಷರ ಹೆಚ್ಚು ಬರೆದರೆ ಸಾಕಂತೆ, ಒಂದು ಸೊನ್ನೆ ಮತ್ತು ಒಂದು ಎರಡು; ಎಂದರೆ, ಎರಡು ಚೌಕ, ಖಾಲಿಯಾದರೆ ಸೊನ್ನೆ. ಜಯಪ್ಪನವರು ತಯಾರಕರಿಂದ ಪೆಟ್ಟಿಗೆಯ ಅಪ್ಪಣೆಗಳ ಬರಹ ತರಿಸಿ, ಆ ಎರಡು ಅಕ್ಷರ ಸೇರಿಸಿ, ತಮ್ಮ ಮುಂದಿಟ್ಟರು. ತಾವು ಅದನ್ನು ಅರ್ಥಮಾಡಿಕೊಳ್ಳುವ ಗೋಜಿಗೆ ಹೋಗದೆ, ಆ ಅಪ್ಪಣೆಯನ್ನೇ ಅಕ್ಷರ ಬಿಡದೆ ನಕಲು ಮಾಡಿ ಫಲಕದ ಮೇಲೆ ಪ್ರಕಟಿಸಿದಿರಿ. ಅರ್ಥವಾಗದ ಆದೇಶವನ್ನು ಹಾಗೆಯೇ ನಕಲಿಸಿ ಮುಂದಕ್ಕೆ ಕಳುಹಿಸುವ ಈ ಕಲೆಗೆ ದೊಡ್ಡ ದೊಡ್ಡ ಕಚೇರಿಗಳಲ್ಲಿ ಮೂವತ್ತು ವರ್ಷಗಳ ಸೇವೆ ಬೇಕಾಗುತ್ತದೆ. ತಾವು ಎಂಟು ಸಾವಿರ ಅಕ್ಷರಗಳ ಜಾಗದಲ್ಲಿ ಸಾಧಿಸಿದ್ದೀರಿ. ಹತ್ತಕ್ಕಿಂತ ಕಡಿಮೆಯಿದ್ದರೆ ಮೊದಲು ಒಂದು ಸೊನ್ನೆ ಬರೆ ಎಂದು ಬೇರೆಯದೇ ಸಾಲಿನಲ್ಲಿ ಬಿಡಿಸಿ ಹೇಳಬೇಕಂತೆ. ಅದಕ್ಕೆ ಜಯಪ್ಪನವರು ಇನ್ನೊಮ್ಮೆ ಬರಬೇಕಂತೆ. ಅಲ್ಲಿಯವರೆಗೆ ತಮ್ಮ ಫಲಕದ ಕೆಳಗೆ ಸುಣ್ಣದಲ್ಲಿ ಬರೆಸಿದ್ದೇವೆ: ಚುಕ್ಕೆಯ ಮುಂದೆ ಒಂದೇ ಅಂಕೆ ಕಂಡರೆ ನಡುವೆ ಸೊನ್ನೆ ಓದಿಕೊಳ್ಳುವುದು.

ನನ್ನ ಬೇಡಿಕೆಗಳು ಅತಿಯಾದುವಲ್ಲ. ಮಾರ್ಚ್ ಹದಿನಾಲ್ಕಕ್ಕೆ ಹಿಂತಿರುಗಿ ಚುಕ್ಕೆಗೂ ಆ ಎಂಟಕ್ಕೂ ನಡುವೆ ಒಂದು ಸೊನ್ನೆ ಇಟ್ಟು ಬರಬೇಕು. ದಾರಿಯಲ್ಲಿ ನನ್ನ ಮೊಗ್ಗುಗಳನ್ನು ಎಬ್ಬಿಸಬೇಕು. ಚಹಾದಂಗಡಿಯಲ್ಲಿ ನಾನು ನಕ್ಕ ನಗೆಯನ್ನು ಜಾಗ ಉಳಿಸುವ ಸಲುವಾಗಿ ತೆಗೆದುಹಾಕಬೇಕು, ಅಂಥ ಕೆಲಸದಲ್ಲಿ ತಾವು ನಿಪುಣರೆಂದು ಕೇಳಿದ್ದೇನೆ. ಮತ್ತು ನಮ್ಮ ಮೈಸೂರಿನ ಗುಮಾಸ್ತರು ಎಲ್ಲೇ ಇದ್ದರೂ ಹುಡುಕಿ, ಅಪ್ಪನ ನಾಲ್ಕು ಪುಟಗಳಿಗಾಗಿ ನಮ್ಮ ಮನೆತನದ ಕ್ಷಮೆಯನ್ನು ತಲುಪಿಸಬೇಕು. ಅವರು ಸೊನ್ನೆ ಕೇಳಿದ್ದರು. ನಾವು ಅದನ್ನು ಅಹಂಕಾರವೆಂದು ತಿಳಿದಿದ್ದೆವು.

ಆ ಹತ್ತೊಂಬತ್ತು ದಿನಗಳ ಅಳತೆಯನ್ನು ತಮ್ಮ ಸಂದೇಶಗಳಿಂದ ತೆಗೆದು, ಸೊನ್ನೆ ಸೇರಿಸಿ, ಒಂದು ಹಾಳೆಯಲ್ಲಿ ಬರೆದು ಅಕ್ಕನ ಮುಂದಿಟ್ಟು, ತಪ್ಪಾಯಿತೆಂದೆ. ಲೆಕ್ಕ ಸರಿಯಾಗಿಯೇ ಇತ್ತು. ಅಕ್ಕ ಹಾಳೆಯನ್ನು ಮಡಚಿ ನನ್ನ ಜೇಬಿಗೇ ಹಾಕಿದರು. "ಆ ದಿನ ನಾ ನೋಡಿತ್ಲೆ ಕುಶಾಲ. ನೋಡದ ದಿನಕ್ಕೆ ಸೊನ್ನೆನೂ ಇಲ್ಲೆ" ಎಂದರು. ಚೌಕ ಖಾಲಿ ಬಿಡಬಾರದೆಂದು ಹದಿನಾರನೆಯ ವಯಸ್ಸಿನಲ್ಲಿ ಅತ್ತು ಕಲಿತವರ ಪುಸ್ತಕದಲ್ಲಿ ಈಗ ಹತ್ತೊಂಬತ್ತು ಸಾಲು ಖಾಲಿ ಇವೆ. ಅವುಗಳ ಕೆಳಗೆ ಏಪ್ರಿಲ್ ಹನ್ನೆರಡರಿಂದ ಮತ್ತೆ ಆ ದುಂಡಗಿನ ಅಕ್ಷರ ಶುರುವಾಗಿದೆ. ತಮ್ಮ ಮೇಲೆ ನಾನು ಹೊರಿಸಿದ ತಪ್ಪಿನಲ್ಲಿ ಆ ಸಾಲುಗಳನ್ನು ಸೇರಿಸಿಕೊಳ್ಳಬೇಡಿ; ಅವು ನನ್ನವು.

ಇಂತು, ಎರಡು ಚೌಕಗಳ ಕಡೆಯವನಾದ,
ತಮ್ಮ ವಿಶ್ವಾಸಿ,
ಕುಶಾಲಪ್ಪ

ತಾ.ಕ.: ಇಂದು ಬೆಳಗ್ಗೆ ಎಂಟಕ್ಕೆ ತಾವು 1.6 ಎಂದು ಬರೆದಿರಿ. ದೇರಪ್ಪನವರು ಫೋನನ್ನು ಜೇಬಿಗೆ ಹಾಕಿಕೊಂಡು ಬೇಲಿಯ ಹತ್ತಿರ ಬಂದು, "ಗಂಗಕ್ಕ, ಎಷ್ಟು?" ಎಂದು ಕೇಳಿದರು. ಅಕ್ಕ ಗ್ಲಾಸನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, "ಒಂದು, ಸೊನ್ನೆ ಆರು" ಎಂದರು. ತಮಗೆ ಒಂದು ಸಾಲು ಬರೆಯಲು ನನಗೆ ಹೇಳಿದ್ದಾರೆ: ತಮ್ಮ ಮಳೆ ತಲುಪಿದೆ. ಸೊನ್ನೆ ತಲುಪಿಲ್ಲ.